ತಡಮೆ

ಮೂವತ್ತೊಂದು ವರ್ಷ ನಾನು ಕರೆಂಟಿನ ಮೀಟರು ಓದಿದವನು.
ಕೊಂಚಾಡಿಯ ಗುಡ್ಡೆಯಿಂದ ಬೈಲಿಗಿಳಿದು
ಮತ್ತೆ ಆಚೆ ಗುಡ್ಡೆ ಹತ್ತುವಷ್ಟರಲ್ಲಿ
ತೊಂಬತ್ತಾರು ಮನೆ, ಹದಿನೇಳು ತಡಮೆ,
ಕಚ್ಚುವ ನಾಯಿ ಎರಡು.

ತಡಮೆ ಗೊತ್ತುಂಟಲ್ಲ?
ಕಂಪೌಂಡಿನ ಕೆಂಪುಕಲ್ಲು ಒಂದು ಕಡೆ ತಗ್ಗಿ
ದನಕ್ಕೆ ಇಲ್ಲ, ನಿಮಗೆ ಉಂಟು ಅನ್ನುವ ಜಾಗ.
ಕಾಲೆತ್ತಬೇಕು, ಸ್ವಲ್ಪ ಬಗ್ಗಬೇಕು,
ಸೀರೆಯಾದರೆ ನೆರಿಗೆ ಹಿಡಿದುಕೊಳ್ಳಬೇಕು.

ಜುಲಿಯಾನಾ ಬಾಯಿಯ ಹಿತ್ತಿಲು ದಾಟಿದರೆ
ಐಸಮ್ಮನ ಅಡುಗೆಮನೆ,
ಅಲ್ಲಿಂದ ಬಾವಿ ಬಳಸಿದರೆ ಶೆಟ್ಟಿಗಾರರ ಮಗ್ಗದ ಚಾವಡಿ.
ಮೀಟರು ಓದಲು ಒಂದು ನಿಮಿಷ,
ಗಂಜಿತಿಳಿ ಕುಡಿಯಲು ಹತ್ತು.
ಯಾರ ಮನೆಗೆ ಫ್ರಿಡ್ಜು ಬಂತು,
ಯಾರ ಮನೆಯಲ್ಲಿ ರಾತ್ರಿಯಿಡೀ ದೀಪ ಆರುವುದಿಲ್ಲ,
ಯೂನಿಟ್ಟು ಹೇಳುತ್ತಿತ್ತು. ನಾನು ಹೇಳುತ್ತಿರಲಿಲ್ಲ.

ಆಮೇಲೆ ಊರು ಬೆಳೆಯಿತು.
ಹಲಸಿನ ಮೇಣದ ಹಾಗೆ ಎಳೆದಷ್ಟೂ ಬಂತು,
ಬೊಂದೇಲು ದಾಟಿತು, ವಾಮಂಜೂರು ದಾಟಿತು,
ಬೆರಳಿಗೆ ಅಂಟಿದ್ದು ಬೆರಳಲ್ಲೇ ಉಳಿಯಿತು.
ಬೈಲಿಗೆ ಟಿಪ್ಪರಿನಲ್ಲಿ ಗುಡ್ಡೆಯ ಮಣ್ಣು ಬಿತ್ತು.
ಕಟ್ಟಪುಣಿಯ ಮೇಲೆ ಸುಣ್ಣದ ಗೆರೆ,
ಗೆರೆಯ ಮೇಲೆ ಗೋಡೆ,
ಗೋಡೆಯ ಮೇಲೆ ಗಾಜಿನ ಚೂರು.
ಲೇಔಟಿಗೆ ಇಟ್ಟ ಹೆಸರು: ಪ್ಯಾಡಿ ವ್ಯೂ.

ರಸ್ತೆ ಕಡಿಮೆಯಾಯಿತು ಅಂತ ನಾನು ಹೇಳುವುದಿಲ್ಲ.
ಒಂದು ಇದ್ದಲ್ಲಿ ಹನ್ನೊಂದು ಆಗಿದೆ, ಹನ್ನೊಂದೂ ಕಾಂಕ್ರೀಟು.
ಹನ್ನೊಂದೂ ಮೈನ್ ರೋಡಿನಿಂದ ಜೋರಲ್ಲಿ ಹೊರಟು
ಒಂದೊಂದು ಗೇಟಿಗೆ ಹಣೆ ಕೊಟ್ಟು ನಿಲ್ಲುತ್ತವೆ.
ಬಾಚಣಿಗೆ ನೋಡಿ.
ಒಂದು ಹಲ್ಲಿನ ತುದಿಯಿಂದ ಪಕ್ಕದ ಹಲ್ಲಿನ ತುದಿಗೆ
ಹೇನು ಹೋಗಬೇಕಾದರೆ
ಬುಡದವರೆಗೆ ಬಂದೇ ತಿರುಗಬೇಕು.

ಕೊನೆಯ ಎಂಟು ವರ್ಷ ನಾನು ಆ ಹೇನು.
ಐಸಮ್ಮನಲ್ಲಿಂದ ಶೆಟ್ಟಿಗಾರರಲ್ಲಿಗೆ
ಸ್ಕೂಟರಿನಲ್ಲಿ ಎರಡು ಕಿಲೋಮೀಟರು, ಮೇಲೆ ಮುನ್ನೂರು ಮೀಟರು.
ಅವರ ಒಗ್ಗರಣೆಗೆ ಇವರ ಅಂಗಳದಲ್ಲಿ ಸೀನು ಬರುತ್ತದೆ.
ಪ್ಯಾಡಿ ವ್ಯೂ ಗೇಟಿನಲ್ಲಿ ಒಡಿಶಾದ ಹುಡುಗ
ರಿಜಿಸ್ಟರ್ ಚಾಚುತ್ತಾನೆ: ಹೆಸರು, ಎಲ್ಲಿಂದ, ಯಾಕೆ.
ಎಲ್ಲಿಂದ ಅನ್ನುವಲ್ಲಿ ಒಮ್ಮೆ
'ಗೋಡೆಯ ಆಚೆಯಿಂದ' ಅಂತ ಬರೆದೆ.
ಕನ್ನಡ ಬಾರದವ, ಸಹಿ ತೋರಿಸಿ ಒಳಗೆ ಬಿಟ್ಟ.

ಈ ಸಲದ ಸೋಣ ತಿಂಗಳು, ರಾತ್ರಿ ಎರಡು ಗಂಟೆ,
ಐಸಮ್ಮನ ಮೊಮ್ಮಗನ ಫೋನು.
ಝೊಹರಾಳಿಗೆ ನೋವು ಶುರುವಾಗಿದೆ,
ಅವರ ಓಣಿಯ ಬಾಯಿಗೆ ಪೈಪಿನ ಹೊಂಡ ಅಗೆದಿದ್ದಾರೆ,
ಆಂಬುಲೆನ್ಸು ನಕ್ಷೆ ನೋಡಿ ಶೆಟ್ಟಿಗಾರರ ಕಡೆ ಬಂದು
'ನೀವು ತಲುಪಿದ್ದೀರಿ' ಅನ್ನುತ್ತಾ ಗೋಡೆಯೆದುರು ನಿಂತಿದೆ.
ದಾರಿ ಉಂಟಾ?
ನಿದ್ದೆಗಣ್ಣಿನಲ್ಲಿ ಹೇಳಿಬಿಟ್ಟೆ:
ಬಾವಿಯ ಎಡಕ್ಕೆ ತಡಮೆ ಉಂಟಲ್ಲ ಮಾರಾಯ.
ಹೇಳಿದ ಮೇಲೆ ನೆನಪಾಯಿತು.

ಅವರು ಬಾವಿಯ ಎಡಕ್ಕೇ ಹಾರೆ ಹಾಕಿದರಂತೆ.
ಈಚೆಯಿಂದ ಮೊಮ್ಮಗ, ಆಚೆಯಿಂದ ಶೆಟ್ಟಿಗಾರರ ಸುಕೇಶ.
ಲೇಔಟಿನ ಸೆಕ್ರೆಟರಿ ಬನಿಯನ್ನಿನಲ್ಲಿ ಓಡಿ ಬಂದು
ಪರ್ಮಿಷನ್ ಕೇಳಿದವರು,
ಕೇಳಿ ಮುಗಿಸುವ ಮೊದಲೇ ಟಾರ್ಚು ಹಿಡಿದರಂತೆ.
ನಾಲ್ಕು ವರಸೆ ಕಲ್ಲು ಇಳಿಯಿತು.
ಸ್ಟ್ರೆಚರು ಬೇಡ ಅಂದಳಂತೆ ಹುಡುಗಿ,
ಕಾಲೆತ್ತಿ, ಸ್ವಲ್ಪ ಬಗ್ಗಿ,
ಸುಕೇಶನ ಅಮ್ಮನ ಹೆಗಲು ಹಿಡಿದು ದಾಟಿದಳು.

ಹೆಣ್ಣು ಮಗು. ಎರಡು ಕಿಲೋ ಒಂಬೈನೂರು.

ಗೋಡೆಯನ್ನು ತಿಂಗಳೊಳಗೆ ಮತ್ತೆ ಕಟ್ಟಿಸಿದರು,
ನಾಲ್ಕು ಸಾವಿರದ ಆರುನೂರು, ಪಾಲು ಹಾಕಿ ಕೊಟ್ಟರು.
ತನಿಯಪ್ಪ ಮೇಸ್ತ್ರಿ ಅದರಲ್ಲಿ ಒಂದು ಕಲ್ಲನ್ನು
ಅಡ್ಡ ಇಟ್ಟಿದ್ದಾನೆ,
ಎರಡೂ ಬದಿಗೆ ಒಂದೊಂದು ಗೇಣು ಹೊರಗೆ.
ಕೆಲಸ ಸರಿಯಾಗಲಿಲ್ಲ ಅಂತ ಸೆಕ್ರೆಟರಿ ಬೈದರೆ
ತಲೆ ತುರಿಸಿಕೊಂಡು ಕೂಲಿ ಎಣಿಸಿಕೊಂಡನಂತೆ.

ನಿನ್ನೆ ಆ ಕಡೆ ಹೋಗಿದ್ದೆ, ಸುಮ್ಮನೆ, ಓದಲು ಮೀಟರಿಲ್ಲ.
ಮೇಲಿನ ಗಾಜಿನ ಚೂರು ಒಂದು ಮೊಳದಷ್ಟು ಕಾಣೆ.
ಕಲ್ಲಿನ ಮೇಲೆ ಒದ್ದೆ ಕೆಸರು,
ಹೆಂಗಸರ ಚಪ್ಪಲಿಯ ಅಳತೆ,
ಎಡಗಾಲಿನದ್ದು.